ಮೂರನೇ ಬೆಂಚಿನ ಕಡೆ

ನಮ್ಮ ಮನೆಮಾತು ಕೊಂಕಣಿ. ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಹಾಡುವುದೂ ಕೊಂಕಣಿಯಲ್ಲೇ. ಆದರೆ ಶಾಲೆ ಕಲಿತದ್ದು ಕನ್ನಡದಲ್ಲಿ, ಹಾಗಾಗಿ ಬೈಬಲ್ ಓದುವುದು ಕನ್ನಡದಲ್ಲಿ. ಅದರಲ್ಲಿ ಬರುವ ‘ಭಯಭಕ್ತಿ’ ಅನ್ನುವ ಪದ ನನಗೆ ಭಾರಿ ಇಷ್ಟ. ಬರೀ ಭಯ ಇದ್ದರೆ ದೇವರು ಪೊಲೀಸಪ್ಪ ಆಗುತ್ತಾನೆ. ಬರೀ ಭಕ್ತಿ ಇದ್ದರೆ, ಕೇಳಿದ್ದೆಲ್ಲ ತಂದುಕೊಡುವ ಸೋದರಮಾವ. ಎರಡೂ ಒಟ್ಟಿಗೆ ಇರಬೇಕು ಅಂತ ಆ ಪದವೇ ಹೇಳುತ್ತದೆ.

ಹೋದ ಭಾನುವಾರ ಪೂಜೆ ಬಿಟ್ಟ ಮೇಲೆ ಇಗರ್ಜಿ ಅಂಗಳದಲ್ಲಿ ಇದೇ ಮಾತು. ಈಗಿನ ಹುಡುಗರಿಗೆ ಭಯಭಕ್ತಿ ಇಲ್ಲ, ಜೀನ್ಸ್ ಹಾಕಿ ಬರುತ್ತಾರೆ, ಗಿಟಾರ್, ಡ್ರಮ್ ಬಡಿಯುತ್ತಾರೆ, ಮೊಬೈಲ್ ನೋಡುತ್ತಾರೆ ಅಂತ ದೊಡ್ಡವರ ದೂರು. ಮೊಬೈಲ್ ವಿಷಯ ಒಪ್ಪಿದೆ. (ಪಾದ್ರಿಗಳ ಪ್ರಸಂಗದ ಹೊತ್ತಿಗೆ ರಿಂಗ್ ಆದದ್ದು ಒಬ್ಬ ಹಿರಿಯರದ್ದೇ, ಅದು ಬೇರೆ.) ಡ್ರಮ್ ವಿಷಯ ಒಪ್ಪಲಾರೆ. ಬೈಬಲಿನಲ್ಲಿ ಒಡಂಬಡಿಕೆಯ ಮಂಜೂಷದ, ಅಂದರೆ ದೇವರ ಆಜ್ಞೆಗಳನ್ನು ಇಟ್ಟ ಪವಿತ್ರ ಪೆಟ್ಟಿಗೆಯ, ಮುಂದೆ ದಾವೀದ ರಾಜನೇ ಕುಣಿದ. ಅದನ್ನು ಕಿಟಕಿಯಿಂದ ನೋಡಿ ಮೂಗು ಮುರಿದವಳು ಅವನ ಹೆಂಡತಿ ಮೀಕಲಳು. ನಮ್ಮ ಹಳಿಯಾಳ, ಯಲ್ಲಾಪುರ ಕಡೆ ಆಫ್ರಿಕಾ ಮೂಲದ ಸಿದ್ದಿ ಕ್ರೈಸ್ತರಿದ್ದಾರೆ. ಡಮಾಮಿ ಅನ್ನುವ ಚರ್ಮವಾದ್ಯ ಬಾರಿಸಿ ಹಾಡುವ ಜನ ಅವರು. ಸದ್ದು ಜಾಸ್ತಿ ಆಯಿತು ಅಂತ ಅವರ ಭಕ್ತಿ ಕಡಿಮೆ ಅನ್ನಲಿಕ್ಕೆ ಬರುತ್ತದೆಯೇ?

ಹಾಗಂತ ಹೊರಗಿನ ರೀತಿ ಲೆಕ್ಕಕ್ಕಿಲ್ಲ ಅಂತಲೂ ಅಲ್ಲ. ನಮ್ಮ ಅಜ್ಜಿ ಬಾಗಿಲಲ್ಲೇ ಚಪ್ಪಲಿ ಬಿಡುತ್ತಿದ್ದಳು. ಬೈಬಲಿನಲ್ಲಿ ಉರಿಯುವ ಪೊದೆಯ ಹತ್ತಿರ ಪ್ರವಾದಿ ಮೋಶೆಗೆ ದೇವರು ಮೊದಲು ಹೇಳಿದ್ದೂ ಅದೇ, ಕೆರ ಬಿಡು ಅಂತ. ಅಜ್ಜಿ ಅದನ್ನು ಓದಿದವಳಲ್ಲ. ಕಾಲಿಗೆ ನೆಲ ತಣ್ಣಗೆ ತಾಗಿದ ಕೂಡಲೇ ಅವಳ ಮಾತು ನಿಲ್ಲುತ್ತಿತ್ತು, ಅಷ್ಟೇ.

1969ರಲ್ಲಿ ಭಾರತದ ಕಥೋಲಿಕರು ಇಲ್ಲಿನ 12 ರೀತಿಗಳನ್ನು ಪೂಜೆಯಲ್ಲಿ ಸೇರಿಸಿಕೊಳ್ಳಬಹುದು ಅಂತ ರೋಮ್ ಒಪ್ಪಿಗೆ ಕೊಟ್ಟಿತು. ಚಪ್ಪಲಿ ಬಿಡುವುದು, ಮಂಡಿ ಊರುವ ಬದಲು ಕೈಮುಗಿದು ಬಾಗುವುದು, ಆರತಿ ಎಲ್ಲ ಅದರಲ್ಲಿವೆ. ಒಬ್ಬರಿಗೊಬ್ಬರು ಶಾಂತಿ ಕೋರುವಾಗ ಕೈ ಮುಗಿಯುವುದೂ ಇದೆ.

ಅಂಗಳದಲ್ಲಿ ನಾನು ಮಾತು ನಿಲ್ಲಿಸಿದ್ದು ಇಲ್ಲಿಗೆ ಬಂದಾಗ.

ಮೂರು ವರ್ಷದಿಂದ ನನಗೂ ನನ್ನ ಅಣ್ಣನಿಗೂ ಮಾತಿಲ್ಲ. ಕಾರಣ ಬೇಲಿ ಮೇಲಿನ ಒಂದು ತೆಂಗಿನಮರ. ಅವನು ಮೂರನೇ ಬೆಂಚಿನಲ್ಲಿ ಕೂರುತ್ತಾನೆ, ನಾನು ಆಚೆ ಸಾಲಿನಲ್ಲಿ. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವ ಹಾಗೆ ನಮ್ಮನ್ನು ಕ್ಷಮಿಸು ಅಂತ ಇಬ್ಬರೂ ಗಟ್ಟಿಯಾಗಿ ಹೇಳುತ್ತೇವೆ. ಸ್ವಲ್ಪ ಹೊತ್ತಿಗೆ ಶಾಂತಿ ಕೋರುವುದು ಬರುತ್ತದೆ. ಎಡಕ್ಕೆ ಕೈ ಮುಗಿಯುತ್ತೇನೆ, ಬಲಕ್ಕೆ ಮುಗಿಯುತ್ತೇನೆ, ಹಿಂದೆ ತಿರುಗಿ ಗುರುತಿಲ್ಲದವರಿಗೂ ಮುಗಿಯುತ್ತೇನೆ. ಮೂರನೇ ಬೆಂಚಿನ ಕಡೆ ಮಾತ್ರ ಕುತ್ತಿಗೆ ತಿರುಗುವುದಿಲ್ಲ. ಆಮೇಲೆ ಸಾಲಿನಲ್ಲಿ ಹೋಗಿ ಪ್ರಸಾದ ತಗೊಂಡು ಬರುತ್ತೇನೆ.

ಬಲಿಪೀಠಕ್ಕೆ ಕಾಣಿಕೆ ತಂದಾಗ ಸೋದರನ ನೆನಪಾದರೆ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಅಂದಿದ್ದಾನೆ ಯೇಸು. ಮತ್ತಾಯನ ಸುವಾರ್ತೆ ಐದನೇ ಅಧ್ಯಾಯ. ಒಂದು ಸೂಕ್ಷ್ಮ ಇದೆ ನೋಡಿ. ನಿನಗೆ ಅವನ ಮೇಲೆ ಸಿಟ್ಟಿದ್ದರೆ ಅಂತಲ್ಲ, ಅವನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಅಂತ. ತಪ್ಪು ಯಾರದ್ದು ಅನ್ನುವ ಪ್ರಶ್ನೆಗೆ ಅಲ್ಲಿ ಜಾಗವೇ ಇಲ್ಲ. ಮೂರು ವರ್ಷ ನಾನು ಹಿಡಿದುಕೊಂಡಿದ್ದು ಅದೊಂದೇ ಪ್ರಶ್ನೆ. ಹುಡುಗರ ಜೀನ್ಸ್ ಬಗ್ಗೆ ನಾನು ಏನು ಮಾತಾಡಲಿ?

ನಿನ್ನೆ ಸಂಜೆ ಅವನ ಮನೆಗೆ ಹೋದೆ. ಜಗಲಿಯಲ್ಲಿ ಕೂತು ಕಾಯಿ ಸುಲಿಯುತ್ತಿದ್ದ. ‘ಏನು?’ ಅಂದ. ‘ಸುಮ್ನೆ ಬಂದೆ’ ಅಂದೆ. ಅತ್ತಿಗೆ ಚಹಾ ತಂದರು. ಅವರ ಕಣ್ಣು ಒದ್ದೆ ಆಗಿತ್ತು, ನಾನು ನೋಡದ ಹಾಗೆ ಮಾಡಿದೆ. ಮರದ ವಿಷಯ ಯಾರೂ ಎತ್ತಲಿಲ್ಲ. ಹೊರಡುವಾಗ ಅಣ್ಣ ಸುಲಿದ ನಾಲ್ಕು ಕಾಯಿ ಚೀಲಕ್ಕೆ ಹಾಕಿದ. ಯಾವ ಮರದ್ದು ಅಂತ ನಾನು ಕೇಳಲಿಲ್ಲ.