ಮಾತನಾಡಿದವರು

ಮೇಷ್ಟ್ರು ಬಾಗಿಲು ದಾಟಿದರೆಂದರೆ ಸೀಮೆಸುಣ್ಣ ನನ್ನ ಕೈಗೆ ಬರುತ್ತಿತ್ತು. ಹೆಡ್‌ಮಾಸ್ಟರು ಕರೆದಿದ್ದಾರೆಂದೋ, ಗಂಟಲು ಒಣಗಿತೆಂದೋ ಅವರು ಹೊರಡುವಾಗ ಹೇಳುತ್ತಿದ್ದದ್ದು ಇಷ್ಟೇ: "ಯಾರು ಮಾತನಾಡುತ್ತಾರೋ ಅವರ ಹೆಸರು ಬರೆದಿಡು." ಏಳನೆಯ ತರಗತಿಯ ಕ್ಲಾಸ್ ಲೀಡರ್ ನಾನು. ಕರಿಹಲಗೆಯ ಬಲತುದಿಯಲ್ಲಿ ಮೇಲಿನಿಂದ ಕೆಳಗೆ ಒಂದು ಗೀಟು ಎಳೆದು, ಅದರಾಚೆ 'ಮಾತನಾಡಿದವರು' ಎಂದು ಬರೆದು, ಅಡಿಗೆರೆ ಹಾಕಿ ತಿರುಗಿ ನಿಲ್ಲುವಷ್ಟರಲ್ಲಿ ನಾನು ಬೇರೆ ಆಸಾಮಿಯಾಗಿರುತ್ತಿದ್ದೆ.

ಎರಡು ನಿಮಿಷದ ಹಿಂದೆ ಪಕ್ಕದವನ ರಫ್ ಪುಸ್ತಕದ ಕೊನೆಯ ಹಾಳೆಯಲ್ಲಿ ಚುಕ್ಕಿ ಆಟ ಆಡುತ್ತಿದ್ದವನೂ ನಾನೇ. ಆದರೆ ಈಗ ನನ್ನ ದನಿ ದಪ್ಪವಾಗಿದೆ. 'ಲೋ' ಎನ್ನುವ ಬಾಯಲ್ಲಿ 'ಯಾರದು ಅಲ್ಲಿ?' ಎಂಬ ಪ್ರಶ್ನೆ ಬರುತ್ತಿದೆ. ಪ್ರಶ್ನೆಗೆ ಮುಂಚೆ ಸಣ್ಣದೊಂದು ಕೆಮ್ಮೂ ಇರುತ್ತಿತ್ತು. ಅದು ಮೇಷ್ಟ್ರ ಕೆಮ್ಮು. ಅವರಿಗೆ ಅದು ನಶ್ಯದಿಂದ ಬಂದದ್ದು, ನನಗೆ ಅಧಿಕಾರದಿಂದ. ಒಮ್ಮೆ ಮನೆಯಲ್ಲಿ ತಂಗಿಯ ಮೇಲೆ ಅದೇ ಕೆಮ್ಮು ಪ್ರಯೋಗಿಸಿದಾಗ ಅಮ್ಮ ಒಲೆಯ ಮುಂದಿನಿಂದಲೇ, "ಪುಟ್ಟಾ, ಶುಂಠಿ ಕಷಾಯ ಕೊಡಲೇನೋ?" ಎಂದಳು. ಮನೆಯಲ್ಲಿ ನಾನು ಪುಟ್ಟ, ಸಾಸಿವೆ ಮುಗಿದರೆ ಅಂಗಡಿಗೆ ಓಡುವವನು. ಅಲ್ಲಿ ಯಾರ ಹೆಸರನ್ನೂ ಬರೆಯುವ ಅವಕಾಶವಿರಲಿಲ್ಲ.

ನನ್ನನ್ನು ಯಾರೂ ಆರಿಸಿರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಈಗ ನಮ್ಮ ಎಷ್ಟೋ ಶಾಲೆಗಳಲ್ಲಿ ಮಕ್ಕಳ ಮಂತ್ರಿಮಂಡಲವೇ ಇದೆ. ಮತದಾನ ನಡೆಯುತ್ತದೆ, ಬೆರಳಿಗೆ ಶಾಯಿ ಹಚ್ಚುತ್ತಾರೆ, ಕೈತೋಟಕ್ಕೆ ನೀರು ಹಾಕುವವನು ನೀರಾವರಿ ಮಂತ್ರಿಯಾಗುತ್ತಾನೆ. ನಾನು ಲೀಡರ್ ಆದದ್ದು ಅಕ್ಷರ ದುಂಡಗಿತ್ತೆಂದು. ಸ್ವಭಾವತಃ ಪುಕ್ಕಲ. ಆದರೆ ದಿನಕ್ಕೆ ನಾಲ್ಕು ಸಲ 'ಲೀಡರ್ ಎಲ್ಲಿ?' ಎಂದು ಕರೆಸಿಕೊಂಡರೆ ಪುಕ್ಕಲನ ಬೆನ್ನೂ ನೆಟ್ಟಗಾಗುತ್ತದೆ. ವರ್ಷದ ಕೊನೆಗೆ ನಾನು ಹುಟ್ಟಾ ನಾಯಕನೆಂದು ಊರೂ ನಂಬಿತ್ತು, ನಾನೂ ನಂಬಿದ್ದೆ.

ಆ ಪಟ್ಟಿಗೆ ಅದರದೇ ವ್ಯಾಕರಣವಿತ್ತು. ಒಮ್ಮೆ ಮಾತನಾಡಿದರೆ ಹೆಸರು. ಮತ್ತೆ ಮಾತನಾಡಿದರೆ ಪಕ್ಕದಲ್ಲೊಂದು ಗುಣಾಕಾರ ಚಿಹ್ನೆ. ನಾಲ್ಕೈದು ಚಿಹ್ನೆಗಳಾದ ಮೇಲೆ 'ಬಹಳ ಮಾತು' ಎಂಬ ಷರಾ. ಹುಡುಗಿಯರ ಸಾಲಿನಲ್ಲಿ ತುಟಿ ಅಲ್ಲಾಡಿಸದೆ ಮಾತನಾಡುವ ವಿದ್ಯೆ ಚಾಲ್ತಿಯಲ್ಲಿತ್ತು, ಸಾಕ್ಷಿ ಸಿಗುತ್ತಿರಲಿಲ್ಲ. ಹೆಸರು ಅಳಿಸಲು ದರವೂ ಇತ್ತು: ಉಪ್ಪುಖಾರ ಹಚ್ಚಿದ ನೆಲ್ಲಿಕಾಯಿ ಒಂದು, ಅಥವಾ ಕಂಬರಕಟ್ಟು ಎರಡು. ಲಂಚದ ಬಗ್ಗೆ ನಾನು ಇವತ್ತಿಗೂ ಜೋರಾಗಿ ಭಾಷಣ ಮಾಡದಿರಲು ಇದೇ ಕಾರಣ.

ಯಾವತ್ತೂ ನೆಲ್ಲಿಕಾಯಿ ಕೊಡದವನು 17. ಅದು ಅವನ ಹಾಜರಿ ಸಂಖ್ಯೆ. ಮೇಷ್ಟ್ರು ಹಾಜರಿ ಕೂಗುತ್ತಿದ್ದದ್ದು ಸಂಖ್ಯೆಯಲ್ಲಿ, ಹುಡುಗರದು ಮೊದಲು, ಹುಡುಗಿಯರದು ಆಮೇಲೆ. ಉಳಿದವರ ಸಂಖ್ಯೆ ಹಾಜರಿಯೊಂದಿಗೆ ಮುಗಿಯುತ್ತಿತ್ತು, ಇವನಿಗೆ ಮಾತ್ರ ಆಟದ ಬಯಲಿನಲ್ಲೂ ಅಂಟಿಕೊಂಡಿತು. ಕೊನೆಯ ಬೆಂಚಿನವನು, ಮಾತಿನ ಮಲ್ಲ. ಸಂತೆಯಲ್ಲಿ ಎಮ್ಮೆಗೆ ಚೌಕಾಸಿ ಮಾಡುವವರ ದನಿಯನ್ನು ಅವನು ತೆಗೆದರೆ ಕೊಳ್ಳುವವನು, ಮಾರುವವನು, ದಲ್ಲಾಳಿ ಮೂವರೂ ತರಗತಿಯೊಳಗೆ ಬಂದು ನಿಲ್ಲುತ್ತಿದ್ದರು. ಎಮ್ಮೆಯೂ ಬರುತ್ತಿತ್ತು.

ದಸರೆಯ ರಜೆ ಕಳೆಯುವ ಹೊತ್ತಿಗೆ ನನಗೊಂದು ಚಾಳಿ ಹತ್ತಿತ್ತು. ಮೇಷ್ಟ್ರು ಹೊರಗೆ ಹೋದ ತಕ್ಷಣ, ಯಾರೂ ತುಟಿ ಬಿಚ್ಚುವ ಮೊದಲೇ, ಅವನ ಹೆಸರು ಬರೆದುಬಿಡುತ್ತಿದ್ದೆ. ಹೇಗೂ ಮಾತನಾಡುತ್ತಾನೆ, ಕೆಲಸ ಮುಗಿದಿರಲಿ ಎಂದು. ಮೊದಲ ದಿನ ಅವನು ಎದ್ದುನಿಂತು, "ನಾನಿನ್ನೂ ಬಾಯೇ ತೆರೆದಿಲ್ಲವಲ್ಲೋ" ಎಂದ. ಅದು ಮಾತಲ್ಲವೇ? ಗುಣಾಕಾರ ಚಿಹ್ನೆ ಹಾಕಿದೆ. ಎರಡನೆಯ ದಿನ ಅವನು ಏನೂ ಹೇಳಲಿಲ್ಲ. ಮೂರನೆಯ ದಿನ ಹಲಗೆ ನೋಡಿ, "ಬರೆದಾಯಿತಲ್ಲ, ಇನ್ನೇನು" ಎಂದು ಆರಾಮವಾಗಿ ಎಮ್ಮೆ ವ್ಯಾಪಾರ ಶುರುಮಾಡಿದ.

ಒಮ್ಮೆ ಅವನಿಗೆ ಜ್ವರ ಬಂದು, ಮೂರು ದಿನ ಬಿಟ್ಟು ರಜಾ ಅರ್ಜಿ ತಂದ. ಎಲ್ಲರ ಹಾಗೆ ಕೊನೆಯಲ್ಲಿ 'ಇಂತಿ ತಮ್ಮ ವಿಧೇಯ ವಿದ್ಯಾರ್ಥಿ' ಎಂದಿತ್ತು. ಮೇಷ್ಟ್ರು ಗಟ್ಟಿಯಾಗಿ ಓದಿ, ಕನ್ನಡಕದ ಮೇಲಿನಿಂದ ನೋಡಿ, "ಯಾರಪ್ಪ ಇದು, ವಿಧೇಯ?" ಎಂದರು. ತರಗತಿ ಹೊಟ್ಟೆ ಹಿಡಿದು ನಕ್ಕಿತು. ಅವನೂ ನಕ್ಕ. ಆಮೇಲಿನ ಅರ್ಜಿಗಳಲ್ಲಿ ಆ ಪದ ಇರಲಿಲ್ಲ. ಬರೀ 'ಇಂತಿ, ವಿದ್ಯಾರ್ಥಿ'.

ಇತ್ತೀಚೆಗೆ ಇಕ್ಕೇರಿಯ ಚರಿತ್ರೆ ಓದುವಾಗ ಇದೆಲ್ಲ ನೆನಪಾಯಿತು. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ಘಟ್ಟದ ದಾರಿಯಲ್ಲಿ ಇಕ್ಕೇರಿಗೆ ಹೋಗುತ್ತಿದ್ದ. ನಡುವೆ ಒಂದು ಗುಡಿಯ ಜಗಲಿಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುವುದನ್ನು ಕಂಡ. ನೆಲದ ಮೇಲೆ ನುಣ್ಣನೆಯ ಮರಳು ಹರಡಿತ್ತು. ಒಬ್ಬ ರಾಗವಾಗಿ ಹೇಳುತ್ತ ಬೆರಳಿನಲ್ಲಿ ಮರಳ ಮೇಲೆ ಬರೆಯುತ್ತಿದ್ದ, ಉಳಿದವರೂ ಹಾಗೆಯೇ ಹಾಡುತ್ತ ಬರೆಯುತ್ತಿದ್ದರು. ಮೇಷ್ಟ್ರು ಅಲ್ಲಿರಲಿಲ್ಲ. ತಪ್ಪಾದರೆ ತಿದ್ದುವವರು ಯಾರೆಂದು ಪ್ರವಾಸಿ ಕೇಳಿದ. ನಾಲ್ವರೂ ಒಂದೇ ಕಡೆ ತಪ್ಪುವುದು ಸಾಧ್ಯವಿಲ್ಲವಲ್ಲ, ಒಬ್ಬ ತಪ್ಪಿದರೆ ಉಳಿದವರು ತಿದ್ದುತ್ತೇವೆ ಎಂದರಂತೆ ಹುಡುಗರು.

ಓದಿ ನನಗೆ ಒಳಗೊಳಗೇ ಇರಿಸುಮುರಿಸಾಯಿತು. ಮೇಷ್ಟ್ರಿಲ್ಲದ ಹೊತ್ತು, ನಾಲ್ಕೂ ಜನ ಗಟ್ಟಿಯಾಗಿ ಬಾಯಿ ಬಿಡುತ್ತಿದ್ದಾರೆ, ಹೆಸರು ಬರೆಯಲು ಒಬ್ಬನೂ ಇಲ್ಲ! ನಾನಿದ್ದಿದ್ದರೆ ಆ ಮರಳಿನ ಮೇಲೂ ಗೀಟು ಎಳೆದು ನಾಲ್ವರ ಹೆಸರನ್ನೂ ಹಾಕಿರುತ್ತಿದ್ದೆ. ಮುಂದೆ 1789ರಲ್ಲಿ ಮದ್ರಾಸಿನ ಅನಾಥಾಲಯವೊಂದಕ್ಕೆ ಮುಖ್ಯಸ್ಥನಾಗಿ ಬಂದ ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ, ಹುಡುಗರಿಗೆ ಹುಡುಗರಿಂದಲೇ ಪಾಠ ಹೇಳಿಸುವ ಪದ್ಧತಿ ನಡೆಸಿ, ಅದನ್ನು ಇಂಗ್ಲೆಂಡಿಗೂ ಒಯ್ದ. ಅಲ್ಲಿ ಅದಕ್ಕೆ ಮದ್ರಾಸ್ ಪದ್ಧತಿ ಎಂದೇ ಹೆಸರಾಯಿತು. ಕಲಿಸುತ್ತಿದ್ದ ಆ ಹುಡುಗನ ಕೈಯಿಂದ ಪಾಠ ಜಾರಿ ಸೀಮೆಸುಣ್ಣ ಮಾತ್ರ ಉಳಿದದ್ದು ನನ್ನ ಕಾಲಕ್ಕೆ ಇರಬೇಕು. ನಾನಂತೂ ಯಾರಿಗೂ ಒಂದು ಮಗ್ಗಿ ಹೇಳಿಕೊಟ್ಟವನಲ್ಲ.

ಹೋದ ವರ್ಷ ನಮ್ಮ ತಂಡದವರು ಶಾಲೆಯಲ್ಲಿ ಗುರುವಂದನೆ ಇಟ್ಟುಕೊಂಡರು. ಪತ್ರ ವ್ಯವಹಾರ, ಹಣದ ಲೆಕ್ಕ, ಬಂದವರ ಪಟ್ಟಿ ಎಲ್ಲವೂ ಕೇಳದೆಯೇ ನನ್ನ ಪಾಲಿಗೆ ಬಂತು. ಪಟ್ಟಿ ಎಂದ ಮೇಲೆ ಇನ್ನಾರಿದ್ದಾರೆ? ಮೇಷ್ಟ್ರಿಗೆ ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟಾಯಿತು. ಊಟಕ್ಕೆ ಇನ್ನೂ ಹೊತ್ತಿತ್ತು. ನಮ್ಮ ಹಳೆಯ ಕೊಠಡಿಯಿಂದ ನಗು ಕೇಳಿಸಿತು. ಹೋಗಿ ನೋಡಿದರೆ ಕೊನೆಯ ಬೆಂಚಿನ ಸುತ್ತ ಹತ್ತು ಹದಿನೈದು ಜನ, ನಡುವೆ 17. ತಲೆ ನೆರೆತಿದೆ, ಹೊಟ್ಟೆ ಬಂದಿದೆ, ಎಮ್ಮೆಯ ರೇಟು ಮಾತ್ರ ಈಗ ಲಕ್ಷ ಮುಟ್ಟಿದೆ. ದಲ್ಲಾಳಿ ಟವಲಿನ ಮರೆಯಲ್ಲಿ ಬೆರಳು ಹಿಡಿಯುತ್ತಿದ್ದ ಘಟ್ಟ.

ನನಗೂ ಕೇಳುವ ಆಸೆ. ಒಳಗೆ ಹೋಗಿ ಜಾಗ ಸಿಗದೆ ಕರಿಹಲಗೆಗೆ ಒರಗಿ ನಿಂತೆ. ಅವನು ತಲೆಯೆತ್ತಿ ನನ್ನನ್ನು ನೋಡಿ ಮಾತು ನಿಲ್ಲಿಸಿದ.

"ನಿಲ್ಲಿಸಿದೆಯೇಕೋ? ಮುಂದೆ ಹೇಳು" ಎಂದೆ.

"ಇರಲಿ ಬಿಡಿ" ಎಂದ, ಟವಲು ಮಡಚುತ್ತ. "ಮೇಷ್ಟ್ರು ಬರಲಿ."