ಕೂಸು ಹುಟ್ಟುವ ಮೊದಲೇ ಕುಲಾವಿ, ಅದೂ ಮೂರು ಬಣ್ಣದ್ದು

ಅಮೆರಿಕದ ಯೂನಿಯನ್ ಪೆಸಿಫಿಕ್ ರೈಲು ಕಂಪನಿ 8,500 ಕೋಟಿ ಡಾಲರ್ ಲೆಕ್ಕದಲ್ಲಿ ನಾರ್ಫೋಕ್ ಸದರ್ನ್ ಕಂಪನಿಯನ್ನು ನುಂಗಲು ಹೊರಟಿರುವ ಸುದ್ದಿ 2025ರ ಜುಲೈನಿಂದ ಎಳೆದಾಡುತ್ತಲೇ ಇದೆ. ರೈಲು ಪ್ರಿಯರಿಗೆ ಮಾತ್ರ ಒಂದೇ ಚಿಂತೆ: ಎಂಜಿನ್‌ಗೆ ಯಾವ ಬಣ್ಣ ಬಳಿಯುತ್ತಾರೆ? ಸಾಗಣೆ ದರ, ನೌಕರರ ಗತಿ ಇತ್ಯಾದಿ ಕ್ಷುಲ್ಲಕ ವಿಷಯಗಳನ್ನು ಆಮೇಲೆ ನೋಡಿಕೊಳ್ಳಬಹುದು.

ಅವರನ್ನು ಗೇಲಿ ಮಾಡಿ ಪ್ರಯೋಜನವಿಲ್ಲ. ಈ ಹುಚ್ಚಿಗೆ ಆದಿಗುರುಗಳು ರೈಲು ಕಂಪನಿಗಳ ದೊಡ್ಡ ಸಾಹೇಬರೇ. 1983ರ ಕೊನೆಯಲ್ಲಿ ಸಾಂಟಾ ಫೆ ಮತ್ತು ಸದರ್ನ್ ಪೆಸಿಫಿಕ್ ರೈಲುಗಳ ಮಾತೃಸಂಸ್ಥೆಗಳು ಒಂದಾದವು. ರೈಲುಗಳೂ ಒಂದಾಗಬೇಕಾದರೆ ಅಂತರರಾಜ್ಯ ವಾಣಿಜ್ಯ ಆಯೋಗ ಒಪ್ಪಬೇಕಿತ್ತು. ಒಪ್ಪದೆ ಎಲ್ಲಿಗೆ ಹೋಗುತ್ತದೆ ಎಂದುಕೊಂಡ ಸಾಹೇಬರು ಬಣ್ಣದ ಡಬ್ಬಿಗಳ ಮುಚ್ಚಳ ತೆಗೆಸಿದರು. ಕೆಂಪು, ಹಳದಿ, ಕಪ್ಪು. ಕೊಡಾಕ್ ಫಿಲ್ಮ್ ಪೊಟ್ಟಣದ ನೆನಪು ತರುತ್ತಿದ್ದ ಈ ವೇಷಕ್ಕೆ ಜನ ‘ಕೊಡಾಕ್ರೋಮ್’ ಎಂದೇ ನಾಮಕರಣ ಮಾಡಿದರು. ಮುನ್ನೂರಕ್ಕೂ ಹೆಚ್ಚು ಡೀಸೆಲ್ ಎಂಜಿನ್‌ಗಳು ಇದರಲ್ಲಿ ಸಿಂಗಾರಗೊಂಡವು.

ಇದರ ದೂರದೃಷ್ಟಿಗೆ ಕೈಮುಗಿಯಬೇಕು. ಸದರ್ನ್ ಪೆಸಿಫಿಕ್ ಎಂಜಿನ್‌ಗಳ ಮೈಮೇಲೆ ‘ಎಸ್‌ಪಿ’ ಎಂದು ಬರೆದು ಪಕ್ಕದಲ್ಲಿ ಜಾಗ ಖಾಲಿ ಬಿಟ್ಟರು. ಸಾಂಟಾ ಫೆ ಎಂಜಿನ್‌ಗಳ ಮೇಲೆ ‘ಎಸ್‌ಎಫ್’, ಅಲ್ಲೂ ಅಷ್ಟೇ ಖಾಲಿ. ಒಪ್ಪಿಗೆ ಬಂದ ದಿನ ಉಳಿದೆರಡು ಅಕ್ಷರ ಬರೆದರೆ ಮುಗಿಯಿತು. ಎಂಥ ಉಳಿತಾಯ!

1986ರ ಜುಲೈನಲ್ಲಿ ಆಯೋಗ ನಾಲ್ಕಕ್ಕೆ ಒಂದು ಮತದಿಂದ ಅರ್ಜಿಯನ್ನು ತಳ್ಳಿಹಾಕಿತು. ಕ್ಯಾಲಿಫೋರ್ನಿಯಾ, ಟೆಕ್ಸಾಸ್ ಕಡೆ ಒಬ್ಬರಿಗೊಬ್ಬರು ಪೈಪೋಟಿ ಕೊಡುತ್ತಿದ್ದವರೇ ಒಂದಾದರೆ ಪೈಪೋಟಿ ಎಲ್ಲಿ ಉಳಿಯುತ್ತದೆ ಎಂಬುದು ಅದರ ತಕರಾರು. ಬ್ರಷ್ ಹಿಡಿಯುವ ಮುನ್ನ ಸಾಹೇಬರು ಒಮ್ಮೆ ನಕಾಶೆ ಬಿಡಿಸಿ ನೋಡಿದ್ದರೂ ಸಾಕಿತ್ತು. ಮರುಪರಿಶೀಲನೆಯ ಕೋರಿಕೆಯೂ ಮರುವರ್ಷ ಬಿದ್ದುಹೋಯಿತು. ಅರ್ಧ ಹೆಸರಿನ ಎಂಜಿನ್‌ಗಳು ಮಾತ್ರ ಖಾಲಿ ಜಾಗವನ್ನು ಹೊತ್ತು ವರ್ಷಗಟ್ಟಲೆ ಓಡಾಡಿದವು. ಎಸ್‌ಪಿಎಸ್‌ಎಫ್ ಎಂದರೆ ‘ಶುಡಂಟ್ ಪೇಂಟ್ ಸೋ ಫಾಸ್ಟ್’ ಎಂದು ರೈಲು ಪ್ರಿಯರು ನಕ್ಕರು. ಬಣ್ಣಕ್ಕೆ ಅಷ್ಟು ಅವಸರವೇಕಿತ್ತು ಎಂದು.

ಆತುರವಿಲ್ಲದೆ, ಒಪ್ಪಿಗೆ ಪಡೆದೇ ಬಣ್ಣ ಬಳಿದವರ ಕಥೆಯಾದರೂ ಏನು? 1968ರಲ್ಲಿ ಪೆನ್ಸಿಲ್ವೇನಿಯಾ ಮತ್ತು ನ್ಯೂಯಾರ್ಕ್ ಸೆಂಟ್ರಲ್ ಎಂಬ ರೈಲು ಕಂಪನಿಗಳು ಸೇರಿ ಪೆನ್ ಸೆಂಟ್ರಲ್ ಆಯಿತು. ಎಂಜಿನ್‌ಗೆ ಅಡಿಯಿಂದ ಮುಡಿಯವರೆಗೆ ಕಪ್ಪು. ಮೇಲೆ ಒಂದಕ್ಕೊಂದು ಹೆಣೆದುಕೊಂಡ ಪಿ ಮತ್ತು ಸಿ. ನೋಡಿದವರು ಅದನ್ನು ಜೋಡಿಹುಳುಗಳ ಸರಸ ಎಂದರು. 1970ರ ಜೂನ್‌ನಲ್ಲಿ ಕಂಪನಿ ದಿವಾಳಿ. ಬಣ್ಣದ ಆಯ್ಕೆಯಲ್ಲಾದರೂ ಪ್ರಾಮಾಣಿಕತೆಯಿತ್ತು, ಸೂತಕಕ್ಕೆ ಬೇರೆ ಬಟ್ಟೆ ಹುಡುಕಬೇಕಾಗಲಿಲ್ಲ. 2012ರಲ್ಲಿ ನಾರ್ಫೋಕ್ ಸದರ್ನ್ ತನ್ನ ಪರಂಪರೆಯ ಸಂಭ್ರಮಕ್ಕೆಂದು ಹೊಸ ಎಂಜಿನ್ ಒಂದಕ್ಕೆ ಅದೇ ಕಪ್ಪು, ಅದೇ ಹುಳು ಹಾಕಿಸಿತು. ದಿವಾಳಿಯೂ ಪರಂಪರೆಯೇ ತಾನೆ.

ಯೂನಿಯನ್ ಪೆಸಿಫಿಕ್ ಇನ್ನೂ ಅಚ್ಚುಕಟ್ಟು. ತಾನು ನುಂಗಿದ ಕಂಪನಿಗಳ ಬಣ್ಣದಲ್ಲಿ ಒಂದೊಂದು ಎಂಜಿನ್ ಮಾಡಿಸಿ, ಬಹುಮಟ್ಟಿಗೆ ನುಂಗಿದ ವರ್ಷವನ್ನೇ ಅದರ ಸಂಖ್ಯೆಯಾಗಿ ಬರೆಸಿತು. ಸದರ್ನ್ ಪೆಸಿಫಿಕ್ ಪಾಲಿಗೆ ಬಂದದ್ದು 1996. ಕೊಡಾಕ್ರೋಮ್ ವೇಷದಲ್ಲಿ ನಗೆಪಾಟಲಾದ ಅದೇ ಕಂಪನಿ.

ಆ ನುಂಗಾಟದ ಮರುವರ್ಷ ಹ್ಯೂಸ್ಟನ್ ಸುತ್ತ ಗೂಡ್ಸ್ ರೈಲುಗಳು ಹಳಿಗಳ ಮೇಲೆಯೇ ಕೊಳೆತವು. ಸರಕು ಎಲ್ಲಿದೆ ಎಂದು ಕೇಳಿದವರಿಗೆ ಉತ್ತರ ಸಿಗಲಿಲ್ಲ. ಡಿಕ್ಕಿಗಳಲ್ಲಿ ರೈಲು ಸಿಬ್ಬಂದಿ ಸತ್ತರು. ಕೊನೆಗೆ ಅಕ್ಟೋಬರ್‌ನಲ್ಲಿ ನಿಯಂತ್ರಣ ಮಂಡಳಿಯೇ ತುರ್ತು ಆದೇಶ ಹೊರಡಿಸಬೇಕಾಯಿತು. ಇಂಥ ವಿಲೀನವನ್ನೇ ಮತ್ತೆ, ಇನ್ನೂ ದೊಡ್ಡ ಅಳತೆಯಲ್ಲಿ ಮಾಡುತ್ತೇವೆ ಎನ್ನುವವರ ಮುಂದೆ ಕುಳಿತು ನಾವು ಯೂನಿಯನ್ ಪೆಸಿಫಿಕ್‌ನ ಹಳದಿಯೋ ನಾರ್ಫೋಕ್ ಸದರ್ನ್‌ನ ಕಪ್ಪೋ ಎಂದು ಚರ್ಚಿಸುತ್ತಿದ್ದೇವೆ. ನನಗಂತೂ ಸಾಕಾಗಿದೆ.

ಬಣ್ಣದ ಮೇಲೆ ಕಂಪನಿಗಿರುವ ಮಮತೆಯನ್ನು ಮಾತ್ರ ಅನುಮಾನಿಸಬೇಡಿ. ಸತ್ತ ಕಂಪನಿಗಳ ಲಾಂಛನವನ್ನು ಆಟಿಕೆ ರೈಲಿನ ಮೇಲೆ ಮುದ್ರಿಸಿದರೆ ತನಗೆ ರಾಯಧನ ಸಲ್ಲಬೇಕೆಂದು ಯೂನಿಯನ್ ಪೆಸಿಫಿಕ್ ಪಟ್ಟು ಹಿಡಿಯಿತು. ಮಾದರಿ ರೈಲು ತಯಾರಿಸುವವರ ಮೇಲೆ 2004ರಲ್ಲಿ ಮೊಕದ್ದಮೆಯನ್ನೂ ಹೂಡಿತು. ಆ ವಸೂಲಿಯನ್ನು ಕೈಬಿಟ್ಟದ್ದು 2006ರಲ್ಲಿ. 1996 ಸಂಖ್ಯೆಯ ಎಂಜಿನ್ ಹೊಸ ಬಣ್ಣದಲ್ಲಿ ಮಿರಮಿರ ಮಿಂಚುತ್ತ ಹೊರಬಂದದ್ದೂ ಅದೇ ವರ್ಷ.