ಹಿಂದೆ ಖಾಲಿ ಇರೋ ಗಾಡಿ

ಎಲ್ಲದಕ್ಕೂ ರೋಬಸ್ಟಾ ಕಾಫಿನೇ ಕಾರಣ. 2024ರಲ್ಲಿ 50 ಕೆ.ಜಿ. ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಮೂಟೆಗೆ 10,000 ರೂಪಾಯಿ ದಾಟಿದಾಗ ನಮ್ಮ ಮೂಡಿಗೆರೆ ಕಡೆ ಬೆಳೆಗಾರರಿಗೆಲ್ಲ ಒಂಥರಾ ಜ್ವರ ಬಂದಿತ್ತು. ಕೆಲವರು ಬ್ಯಾಂಕಿನ ಸಾಲ ತೀರಿಸಿದರು. ಕೆಲವರು ಕಣಕ್ಕೆ ಸಿಮೆಂಟ್ ಹಾಕಿಸಿದರು. ನಾನು ಫೋರ್ ವೀಲ್ ಡ್ರೈವ್ ಪಿಕಪ್ ತಗೊಂಡೆ.

ಮನೆಯವಳಿಗೆ ಕಾರಣ ಹೇಳಬೇಕಲ್ಲ. ಗೊಬ್ಬರ ತರಬಹುದು, ಮೆಣಸಿನ ಮೂಟೆ ಸಾಗಿಸಬಹುದು, ಮಳೆಗಾಲದಲ್ಲಿ ತೋಟದೊಳಗೆ ಎಲ್ಲಿಗೆ ಬೇಕಾದರೂ ಹೋಗಬಹುದು ಅಂತ ಬೆರಳು ಮಡಿಸಿ ಲೆಕ್ಕ ಹಾಕಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಇದನ್ನೆಲ್ಲ ಜೀಪೇ ಮಾಡ್ತಿದೆಯಲ್ಲರೀ" ಅಂದಳು. ಆ ಪ್ರಶ್ನೆ ಮತ್ತೆ ಬರಬಾರದು ಅಂತ ಮಾರನೇ ವಾರವೇ ಜೀಪು ಮಾರಿಬಿಟ್ಟೆ.

ಈ ಜಾತಿಯ ಗಾಡಿಯಲ್ಲಿ ನಮ್ಮ ದೇಶದಲ್ಲಿ ಆಯ್ಕೆ ಜಾಸ್ತಿ ಇಲ್ಲ. ಇಸುಝು ವಿ-ಕ್ರಾಸ್ 2016ರಲ್ಲಿ ಬಂತು, ಟೊಯೋಟಾ ಹೈಲಕ್ಸ್ 2022ರಲ್ಲಿ ಬಂತು. ನಾನು ಯಾವುದು ತಗೊಂಡೆ ಅಂತ ಹೇಳೋದಿಲ್ಲ. ಮುಂದೆ ಆದ ಅನಾಹುತಗಳಲ್ಲಿ ಗಾಡಿಯ ತಪ್ಪು ಒಂದೂ ಇಲ್ಲ, ಸುಮ್ನೆ ಅದರ ಹೆಸರು ಯಾಕೆ ಕೆಡಿಸೋದು? ರೋಡ್ ಟ್ಯಾಕ್ಸ್ ವಿಷಯವನ್ನು ಬೇಗ ಮುಗಿಸಿಬಿಡ್ತೀನಿ, ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ. ಕರ್ನಾಟಕದಲ್ಲಿ ಹತ್ತು ಲಕ್ಷ ದಾಟಿದ ಗಾಡಿಗೆ ಶೇ. 17, ಇಪ್ಪತ್ತು ದಾಟಿದರೆ ಶೇ. 18, ಅದರ ಮೇಲೆ ಸೆಸ್ಸು. ಅಷ್ಟು ದುಡ್ಡಿಗೆ ಇನ್ನೊಂದು ಹಳೇ ಜೀಪೇ ಬರುತ್ತಿತ್ತು.

ಗಾಡಿ ಮನೆಗೆ ಬಂದ ದಿನ ಪೂಜೆ. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು. ನಾನು ಗಾಡಿ ಹತ್ತಿ ಗಂಭೀರವಾಗಿ ಗುಂಡಿ ತಿರುಗಿಸಿ ಫೋರ್ ಎಚ್‌ಗೆ ಹಾಕಿದೆ. ಭಟ್ಟರು "ಇನ್ನೂ ಯಾಕೆ ತಡ?" ಅಂತ ಕೇಳಿದಾಗ, ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡ್ತಿದ್ದೀನಿ ಅಂತ ವಿವರಿಸಿದೆ. "ಎರಡು ತಿರುಗಿದ್ರೆ ಉಳಿದೆರಡು ತಾವೇ ತಿರುಗಲ್ವೇನಪ್ಪ? ನಿಂಬೆಹಣ್ಣು ಹಿಂಡೋಕೆ ಅಷ್ಟು ಸಾಕು" ಅಂದರು. ನೆರೆದವರೆಲ್ಲ ನಕ್ಕರು. ಅವರಿಗೆ ತಾಂತ್ರಿಕ ಜ್ಞಾನ ಇಲ್ಲ ಅಂತ ನಾನು ಸಮಾಧಾನ ಮಾಡಿಕೊಂಡೆ.

ಆಮೇಲೆ ಶೆಡ್ಡು. ಅಪ್ಪ ಜೀಪಿನ ಅಳತೆಗೆ ಕಟ್ಟಿಸಿದ್ದು. ಈ ಗಾಡಿ ಹದಿನೇಳೂವರೆ ಅಡಿ ಉದ್ದ ಇದೆ ಅಂತ ಪುಸ್ತಕದಲ್ಲಿ ಓದಿದ್ದೆ, ಆದರೆ ಓದಿದ ಅಡಿಗೂ ಶೆಡ್ಡಿನ ಅಡಿಗೂ ವ್ಯತ್ಯಾಸ ಇರುತ್ತೆ ಅಂತ ಯಾಕೋ ನಂಬಿದ್ದೆ. ಮೂತಿ ಹೋಗಿ ಹಿಂದಿನ ಗೋಡೆಗೆ ತಾಗಿದಾಗ ಐದಡಿ ಗಾಡಿ ಇನ್ನೂ ಹೊರಗೇ ಇತ್ತು. ಮೊದಲ ರಾತ್ರಿಯೇ ಅಮ್ಮನ ಕೋಳಿಗಳು ಬಂದು ಟೈಲ್‌ಗೇಟ್, ಅಂದರೆ ತೊಟ್ಟಿಯ ಹಿಂಬಾಗಿಲ ಮೇಲೆ ಸಾಲಾಗಿ ಕೂತವು. ಬೆಳಿಗ್ಗೆ ನೋಡಿದರೆ ನನ್ನ ಕಪ್ಪು ಗಾಡಿಗೆ ಬಿಳಿ ಗೆರೆ ಬಂದಿತ್ತು. ಅಮ್ಮ ಮಾತ್ರ "ಜೀಪಿನ ಮೇಲೆ ಒಂದು ದಿನಾನೂ ಕೂತಿರ್ಲಿಲ್ಲ ಕಣೋ, ಇದು ಅವಕ್ಕೆ ಇಷ್ಟ ಆಗಿದೆ" ಅಂತ ಖುಷಿಪಟ್ಟರು.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಆಕ್ಸೆಸರೀಸ್ ಅಂತ ಒಂದಿದೆ. ಅದು ಹಲಸಿನ ಮೇಣ ಇದ್ದಂಗೆ, ಒಂದು ಬೆರಳಿಗೆ ಹತ್ತಿದರೆ ಸಾಕು. ಬೆಂಗಳೂರಿನ ಒಂದು ಅಂಗಡಿಗೆ ಬರೀ ರಬ್ಬರ್ ಮ್ಯಾಟ್ ತರೋಕೆ ಹೋದೆ. ಅಲ್ಲಿದ್ದ ಹುಡುಗ ಗಾಡಿಯನ್ನು ಒಂದು ಸುತ್ತು ಹಾಕಿ, ಸೊಂಟದ ಮೇಲೆ ಕೈ ಇಟ್ಟುಕೊಂಡು, "ಸಾರ್, ಗಾಡಿ ಹಿಂಗೇ ಓಡಿಸ್ತಿದ್ದೀರಾ?" ಅಂದ. ಬಟ್ಟೆ ಹಾಕದೆ ಊರೆಲ್ಲ ತಿರುಗಿದವನಂತೆ ನಾಚಿಕೆಯಾಯಿತು.

ಮೊದಲು ತೋರಿಸಿದ್ದು ಬುಲ್ ಬಾರ್. ಮುಂದೆ ಹಾಕಿಸುವ ದಪ್ಪ ಕಬ್ಬಿಣದ ಕಂಬಿ. ಕಾಡುಕೋಣ ಬಂದರೂ ಹೆದರಬೇಕಿಲ್ಲ ಅಂದ. ಅದನ್ನು ಮಾತ್ರ ಹಾಕಿಸಲಿಲ್ಲ, ಯಾಕೆಂದರೆ ಮನೆಯವಳು ಪಕ್ಕದಲ್ಲೇ ಇದ್ದಳು. ಅದು ಕಾನೂನಿಗೆ ವಿರುದ್ಧ, 2017ರ ಡಿಸೆಂಬರ್‌ನಲ್ಲೇ ಕೇಂದ್ರದ ಸಾರಿಗೆ ಸಚಿವಾಲಯ ರಾಜ್ಯಗಳಿಗೆಲ್ಲ ಪತ್ರ ಬರೆದು ಇದನ್ನು ತಡೆಯಲು ಹೇಳಿದೆ, ಏರ್‌ಬ್ಯಾಗಿಗೂ ತೊಂದರೆ ಅಂತ ಅಂಗಡಿ ಮಧ್ಯದಲ್ಲೇ ಪಾಠ ಮಾಡಿದಳು. ಇವಳು ಪೇಪರ್ ಪೂರ್ತಿ ಓದುತ್ತಾಳೆ, ನಾನು ಕಾಫಿ ರೇಟು ನೋಡಿ ಮಡಿಸಿಡುತ್ತೇನೆ. ಹುಡುಗ ಸುಮ್ಮನಾದ. ಮುಂದಿನ ಸಲ ನಾನು ಒಬ್ಬನೇ ಹೋದೆ.

ಹಾಗಾಗಿ ಬಂತು ಸ್ನಾರ್ಕೆಲ್. ಎಂಜಿನ್ನಿಗೆ ಮೇಲಿಂದ ಗಾಳಿ ತರುವ ಕೊಳವೆ, ಹೊಳೆ ದಾಟುವಾಗ ನೀರು ಒಳಗೆ ಹೋಗಬಾರದು ಅಂತ. ಅದಕ್ಕೆ ಹೊಸ ಗಾಡಿಯ ಪಕ್ಕೆಗೆ ತೂತು ಕೊರೆಯಬೇಕು ಅಂತ ನನಗೆ ಗೊತ್ತಾಗಿದ್ದು ಡ್ರಿಲ್ಲಿನ ಸದ್ದು ಕೇಳಿದ ಮೇಲೆ. ಮಗಳ ಕಿವಿ ಚುಚ್ಚಿಸಿದ ದಿನ ಕೂಡ ನಾನು ಅಷ್ಟು ಮುಖ ತಿರುಗಿಸಿರಲಿಲ್ಲ. ನಾವು ದಾಟುವ ದೊಡ್ಡ ಹೊಳೆ ಅಂದರೆ ಹೇಮಾವತಿ, ಅದಕ್ಕೆ ಸೇತುವೆ ಇದೆ. ಅಮ್ಮ ಅದನ್ನು ನೋಡಿ, "ಹೊಗೆಗೂಡು ಯಾಕೋ ಮುಂದೆ ಇಟ್ಟಿದ್ದಾರೆ?" ಅಂದರು.

ಎಲ್‌ಇಡಿ ಲೈಟ್ ಬಾರ್ ಬಗ್ಗೆಯೂ ಹೇಳಬೇಕು. ರೋಡಿನಲ್ಲಿ ಹಾಕಿದರೆ ದಂಡ, ತೋಟದೊಳಗೆ ಮಾತ್ರ ಅಂತ ನಾನೇ ನಿಯಮ ಮಾಡಿಕೊಂಡಿದ್ದೆ. ಚಾರ್ಮಾಡಿ ಘಾಟಿಯಲ್ಲಿ ಮಂಜು ಕವಿದ ಒಂದು ರಾತ್ರಿ ನಿಯಮ ಮುರಿದೆ. ಅಷ್ಟು ಬೆಳಕೂ ಮಂಜಿಗೆ ಬಡಿದು ವಾಪಸ್ ನನ್ನ ಮುಖಕ್ಕೇ ಬಂತು. ಎದುರಿಗೆ ಬಿಳಿ ಪಂಚೆ ಕಟ್ಟಿದಂತೆ. ಆಫ್ ಮಾಡಿ, ಮುಂದೆ ಹೋಗುತ್ತಿದ್ದ ಬಸ್ಸಿನ ಕೆಂಪು ದೀಪ ಹಿಡಿದು ಕೊಟ್ಟಿಗೆಹಾರ ತಲುಪಿದೆ.

ಹಿಂದಿನ ತೊಟ್ಟಿಗೆ ಮೂರು ಮಡಿಕೆಯ ಗಟ್ಟಿ ಮುಚ್ಚಳ ಹಾಕಿಸಿದೆ. ನೋಡೋಕೆ ಚೆಂದ. ಆದರೆ ಮುಚ್ಚಳ ಹಾಕಿದರೆ ಎತ್ತರದ ಸಾಮಾನು ಹಿಡಿಸಲ್ಲ, ಮುಚ್ಚಳ ತೆಗೆಯೋಕೆ ಇಬ್ಬರು ಬೇಕು. ಮೊದಲ ವಾರದಲ್ಲೇ ಊರವರಿಗೆ ಇದು ಸಾಮಾನು ಗಾಡಿ ಅಂತ ಗೊತ್ತಾಗಿಹೋಗಿತ್ತು. ಒಬ್ಬರ ಫ್ರಿಜ್ಜು, ಇನ್ನೊಬ್ಬರ ಅಡಿಕೆ ಸಸಿ, ಮತ್ತೊಬ್ಬರ ಕರು. "ಹೆಂಗೂ ಖಾಲಿ ಹೋಗ್ತಿದ್ದೀಯಲ್ಲ ಮಾರಾಯ" ಅನ್ನೋದು ಎಲ್ಲರ ಒಂದೇ ಮಾತು. ಸಕಲೇಶಪುರದಲ್ಲಿ ಒಂದು ಮದುವೆಗೆ ರೇಷ್ಮೆ ಶರ್ಟು ಹಾಕಿಕೊಂಡು ಹೋಗಿದ್ದೆ. ಊಟ ಮುಗಿಸಿ ಬಂದು ನೋಡಿದರೆ ಅಡುಗೆಯವರು ನನ್ನ ಗಾಡಿಗೆ ಎರಡು ಕೊಪ್ಪರಿಗೆ ಏರಿಸಿ, ಮೂರನೆಯದಕ್ಕೆ ಹಗ್ಗ ಹುಡುಕುತ್ತಿದ್ದರು. ಅವರು ಹೇಳಿ ಕಳಿಸಿದ್ದ ಬಾಡಿಗೆ ಗಾಡಿ ಇದೇ ಅಂದುಕೊಂಡಿದ್ದರಂತೆ. ಇಳಿಸಿ ಅನ್ನೋಕೆ ಬಾಯಿ ಬರಲಿಲ್ಲ, ಅವರ ಮನೆವರೆಗೆ ಬಿಟ್ಟು ಬಂದೆ. ಒಂದು ಡಬ್ಬಿ ಪಾಯಸ ಕೊಟ್ಟರು ಅನ್ನೋದನ್ನೂ ಹೇಳಿಬಿಡಬೇಕು.

ಕೊನೆಯದು ವಿಂಚು. ಮುಂದಿನ ಬಂಪರ್ ಒಳಗೆ ಕೂರುವ ಮೋಟಾರು, ಹಗ್ಗ ಸುತ್ತಿ ಗಾಡಿಯನ್ನೇ ಎಳೆದುಕೊಳ್ಳುತ್ತೆ. 9,500 ಪೌಂಡ್, ಅಂದರೆ ನಾಲ್ಕು ಟನ್ನಿಗೂ ಮೇಲೆ ಎಳೆಯುವ ಶಕ್ತಿ. ಇದೊಂದಿದ್ದರೆ ಯಾರ ಸಹಾಯವೂ ಬೇಡ ಅಂತ ಟೀ ಅಂಗಡಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಜೊತೆಗೆ ಉಚಿತ ಉಪನ್ಯಾಸ: ಒಣ ಟಾರ್ ರಸ್ತೆಯಲ್ಲಿ ಟೂ ಎಚ್‌ನಲ್ಲೇ (ಎರಡೇ ಚಕ್ರಕ್ಕೆ ಶಕ್ತಿ) ಇರಬೇಕು, ಕೆಸರಿಗೆ ಫೋರ್ ಎಚ್ (ನಾಲ್ಕಕ್ಕೂ), ಕಡಿದಾದ ಇಳಿಜಾರಿಗೆ ಗಾಡಿ ನಿಲ್ಲಿಸಿ ನ್ಯೂಟ್ರಲ್ ಮಾಡಿ ಫೋರ್ ಎಲ್ (ನಾಲ್ಕಕ್ಕೂ, ನಿಧಾನಕ್ಕೆ).

ಜೂನ್‌ನಲ್ಲಿ ಮಳೆ ಹಿಡಿಯಿತು. ಪ್ರತಿ ವರ್ಷ ಕೆರೆ ತುಂಬುವ ಮೊದಲು ದಡದ ಪಂಪ್‌ಸೆಟ್ಟನ್ನು ನಾಲ್ಕು ಜನ ಹೊತ್ತು ಮೇಲೆ ತರುತ್ತಾರೆ. ಈ ಸಲ ಗಾಡಿಯಲ್ಲೇ ತರೋಣ ಅಂತ ಮಗಳನ್ನೂ ಕೂರಿಸಿಕೊಂಡು, ಗುಂಡಿ ತಿರುಗಿಸಿ, ನಾಲ್ಕಕ್ಕೆ ಹಾಕಿ, ಹುಲ್ಲಿನ ಇಳಿಜಾರಲ್ಲಿ ರಾಜಗಾಂಭೀರ್ಯದಿಂದ ಇಳಿದೆ. ಕೆಳಗೆ ಹೋದ ಮೇಲೆ ನೋಡಿದರೆ ತಿರುಗಿಸಲು ಜಾಗವಿಲ್ಲ. ಈ ಗಾಡಿ ತಿರುಗಬೇಕಾದರೆ ಒಂದು ಕಣವೇ ಬೇಕು. ಸರಿ, ರಿವರ್ಸ್‌ನಲ್ಲೇ ಹತ್ತೋಣ ಅಂತ ಆಕ್ಸಿಲರೇಟರ್ ಒತ್ತಿದೆ. ಹಿಂದಿನ ಚಕ್ರ ಬರ್‍ರ್ ಅಂತ ಸುತ್ತಿ ಹುಲ್ಲು ಕಿತ್ತು ಕೆಸರು ಎರಚಿತು. ಗಾಡಿ ಮಾತ್ರ ಮೆಲ್ಲಗೆ ಕೆರೆ ಕಡೆಗೇ ಒಂದಡಿ ಜಾರಿತು.

ಪರವಾಗಿಲ್ಲ, ವಿಂಚ್ ಇದೆ. ಮಳೆಯಲ್ಲೇ ಇಳಿದು ಮುಂದೆ ಹೋಗಿ ಕೊಕ್ಕೆ ಕೈಯಲ್ಲಿ ಹಿಡಿದುಕೊಂಡು ನಿಂತೆ. ಆಗ ಹೊಳೆಯಿತು. ವಿಂಚ್ ಎಳೆಯೋದು ಮುಂದಕ್ಕೆ. ಮುಂದೆ ಇದ್ದದ್ದು ಕೆರೆ. ನಾಲ್ಕು ಟನ್ ಶಕ್ತಿಯಿಂದ ನನ್ನ ಗಾಡಿಯನ್ನು ನಾನೇ ನೀರಿಗೆ ಎಳೆದುಕೊಳ್ಳಬಹುದಿತ್ತು. ಸ್ನಾರ್ಕೆಲ್ ಬೇರೆ ಇತ್ತಲ್ಲ.

ಅಷ್ಟರಲ್ಲಿ ಕಳೆ ತೆಗೆಯುವ ಕೆಲಸ ಮುಗಿಸಿ ಹೆಂಗಸರು ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಆ ದಾರಿಯಲ್ಲಿ ಬಂದರು. ಹನ್ನೊಂದು ಜನ. ಸ್ವಲ್ಪ ಹೊತ್ತು ನಿಂತು ನೋಡಿದರು. ಅವರಲ್ಲಿ ಹಿರಿಯಾಕೆ, "ಹಿಂದೆ ಭಾರನೇ ಇಲ್ವಲ್ಲ ಸಾವ್ಕಾರ್ರೆ" ಅಂದು ತೊಟ್ಟಿ ಮೇಲೆ ಕೈ ಬಡಿದಳು. ನಾನು ಹೂಂ ಅನ್ನೋ ಮೊದಲೇ ಮುಚ್ಚಳ ಎತ್ತಿ ಪಕ್ಕಕ್ಕೆ ಹುಲ್ಲಿನ ಮೇಲೆ ಇಟ್ಟರು. ಎಲ್ಲರೂ ಹತ್ತಿ ಟೈಲ್‌ಗೇಟಿನ ಕಡೆ ಒತ್ತೊತ್ತಾಗಿ ಕೂತರು. ಉಸಿರು ಬಿಗಿಹಿಡಿದು ಮೆಲ್ಲಗೆ ಕ್ಲಚ್ ಬಿಟ್ಟೆ. ಗಾಡಿ ಒಂದು ಸಲ ಅಲುಗಾಡಿ, ನೆಲ ಕಚ್ಚಿ, ಸೀದಾ ಮೇಲಕ್ಕೆ ಬಂತು.

ಮೇಲೆ ಬಂದ ಮೇಲೆ ಮಗಳು ಮೆಲ್ಲಗೆ, "ಅಪ್ಪಾ, ಆ ನಾಲ್ಕು ಚಕ್ರದ ಲೈಟು ಉರೀತಾನೇ ಇರ್ಲಿಲ್ಲ" ಅಂದಳು. ನೋಡಿದೆ. ನಾನು ತಿರುಗಿಸಿದ್ದು ಪಕ್ಕದ ಎಸಿ ಫ್ಯಾನಿನ ಗುಂಡಿ. ಅದು ಸರಿಯಾಗಿ ನಾಲ್ಕಕ್ಕೇ ಇತ್ತು. ಅದಕ್ಕೇ ಒಳಗೆ ಅಷ್ಟು ಚಳಿ ಆಗುತ್ತಿತ್ತು ಅಂತ ಆಗ ಗೊತ್ತಾಯಿತು. ಇದನ್ನು ಮನೆಯಲ್ಲಿ ಹೇಳಬೇಡ ಅಂತ ಅವಳಿಗೆ ಐಸ್‌ಕ್ರೀಮಿನ ಆಸೆ ತೋರಿಸಿದೆ. ಐಸ್‌ಕ್ರೀಮ್ ತಿಂದು, ಹೇಳಿದಳು.

ಹೆಂಗಸರು ಯಾರೂ ಇಳಿಯಲಿಲ್ಲ. "ಲೈನ್ ಮನೆವರೆಗೆ ಬಿಟ್ಬಿಡಿ, ಹೆಂಗೂ ಖಾಲಿ ಹೋಗ್ತೀರಲ್ಲ" ಅಂದರು. ಬಿಟ್ಟೆ. ಮಾರನೇ ಸಂಜೆ ಐದಕ್ಕೂ ಗಾಡಿ ಹತ್ತಿರ ಕಾಯುತ್ತಿದ್ದರು. ಮುಚ್ಚಳವನ್ನು ಮತ್ತೆ ಹಾಕಿಲ್ಲ, ಅದು ಕಪ್ಪು ಬಣ್ಣ ಆದ್ದರಿಂದ ಬಿಸಿಲಿಗೆ ಚೆನ್ನಾಗಿ ಕಾಯುತ್ತೆ ಅಂತ ಅಮ್ಮ ಸಂಡಿಗೆ ಒಣಗಿಸೋಕೆ ತೆಗೆದಿಟ್ಟುಕೊಂಡಿದ್ದಾರೆ. ಮೊನ್ನೆ ಆ ಹಿರಿಯಾಕೆ ಗಾಡಿಯಿಂದ ಇಳಿಯುತ್ತಾ, "ಸಾವ್ಕಾರ್ರೆ, ಇಷ್ಟೆಲ್ಲ ಹಾಕ್ಸಿದ್ದೀರ, ಕೂರೋಕೆ ಒಂದು ಹಲಗೆ ಹಾಕ್ಸಿಲ್ವಲ್ಲ" ಅಂದಳು.